ಕಟ್ಟಿದವನೇ ಬಿಚ್ಚಬೇಕು

ಬೆಳಿಗ್ಗೆ ಪ್ರಾರ್ಥನೆ ಬೇಡ, ಭಾಷಣ ಬೇಡ, ಮೊದಲು ಕೈ ತೊಳೆಯಿರಿ ಎಂದು ನಾನು ನಿಯಮ ಮಾಡಿದ್ದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆಗೆ ಹಿಡಿದ ಕಲ್ಯಾಣ ಮಂಟಪದ ಹಿಂದೆ, ಮದುವೆ ಊಟದವರು ಕೈ ತೊಳೆಯುವ ನಲ್ಲಿಗಳ ಮುಂದೆ, ಕುಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದ ಬಂದ ನಾಟಿ ವೈದ್ಯರು ಸಾಲಾಗಿ ನಿಲ್ಲಬೇಕು. ಉಂಗುರ, ಕಡಗ ಕಳಚಬೇಕು. ಮೊಣಕೈವರೆಗೆ ಸೋಪು ಹಚ್ಚಬೇಕು, ಉಗುರಿನ ಸಂದು ಉಜ್ಜಬೇಕು, ಪಂಚೆಗೆ ಒರೆಸದೆ ಕೈ ಮೇಲೆತ್ತಿ ಆರಿಸಬೇಕು. ಶಿಬಿರದ ಕೊನೆಯವರೆಗೂ ಒಬ್ಬಿಬ್ಬರು ಪಂಚೆಗೆ ಒರೆಸುವುದನ್ನು ಬಿಡಲಿಲ್ಲ.

"ನಮ್ಮಪ್ಪ, ನಮ್ಮಜ್ಜ ಹಿಂಗ ಕೈ ತೊಳದವರಲ್ಲ ಅಮ್ಮಾರ," ಎಂದು ಕಾಮಾಲೆಗೆ ಸೊಪ್ಪು ಕೊಡುವ ಒಬ್ಬಾತ ಗೊಣಗಿದ. "ಮಂದಿ ಬದುಕ್ಯಾರ."

"ಬದುಕಿದವರಷ್ಟ ನಿಮ್ಮ ಕಡೆ ತಿರುಗಿ ಬರ್ತಾರ. ಸತ್ತವರು ಬಂದು ಹೇಳ್ತಾರೇನು? ಉಜ್ಜಿರಿ," ಎಂದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಆರೋಗ್ಯ ಕೇಂದ್ರದ ಕಟ್ಟಡವಿತ್ತು, ಬೋರ್ಡು ಇತ್ತು, ಡಾಕ್ಟರು ಇರಲಿಲ್ಲ. ಒಂದು ಸ್ವಯಂಸೇವಾ ಸಂಸ್ಥೆಯವರು ಇದಕ್ಕೆ ಪರಿಹಾರ ಕಂಡುಹಿಡಿದಿದ್ದರು. ಡಾಕ್ಟರು ಹಳ್ಳಿಗೆ ಬರುವುದಿಲ್ಲ, ನಾಟಿ ವೈದ್ಯರು ಹಳ್ಳಿಯಲ್ಲಿ ಇದ್ದೇ ಇದ್ದಾರೆ. ಅವರನ್ನು ಕರೆದು ಕೂರಿಸಿ, ಥರ್ಮಾಮೀಟರ್ ಓದುವುದನ್ನು ಕಲಿಸಿ, ಬಿಳಿ ಕೋಟು, ಒಂದು ಔಷಧಿ ಚೀಲ, ಚೌಕಟ್ಟು ಹಾಕಿದ ಪ್ರಮಾಣಪತ್ರ ಕೊಟ್ಟರೆ ಕೊರತೆ ನೀಗಿತು. ನೀರಿಲ್ಲದ ಊರಿಗೆ ಬಾವಿ ತೋಡುವ ಬದಲು ಕೊಡಗಳಿಗೆ ಬಣ್ಣ ಹಚ್ಚುವ ಕೆಲಸ. ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾಗಿದ್ದ ನನ್ನನ್ನು ಪಾಠ ಹೇಳಲು ಕರೆದರು. ಯೋಜನೆಯ ಮೇಲೆ ನಂಬಿಕೆ ಇಟ್ಟು ನಾನು ಹೋಗಲಿಲ್ಲ. ಹೇಗೂ ರೋಗಿಗಳನ್ನು ಮುಟ್ಟುವ ಜನ, ತೊಳೆದ ಕೈಯಿಂದಾದರೂ ಮುಟ್ಟಲಿ ಎಂದು ಹೋದೆ.

ಯೋಜನಾಧಿಕಾರಿ ಬೆಂಗಳೂರಿನ ಕಡೆಯ ತರುಣ. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ. ಪಾರಂಪರಿಕ ಜ್ಞಾನ ಎಂಬ ಮಾತು ಬಾರದೆ ಅವನ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ತನಗೆ ನೆಗಡಿಯಾದಾಗ ಮಾತ್ರ ಎಂ.ಡಿ. ಡಾಕ್ಟರನ್ನು ಹುಡುಕಿಕೊಂಡು ದಾವಣಗೆರೆಗೆ ಹೋಗಿ ಬಂದ. ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದ ಹೊಸತು. ಅಲ್ಲಿಂದ ಬಂದಿದ್ದ ನಾಟಿ ವೈದ್ಯರನ್ನು ಇವನು ನಿಮ್ಮದು ಬೇರೆ ಜಿಲ್ಲೆ ಎಂದು ಬಾಗಿಲಿನಿಂದಲೇ ಕಳಿಸಿಬಿಟ್ಟ. ಪಾರಂಪರಿಕ ಜ್ಞಾನಕ್ಕೂ ಜಿಲ್ಲೆಯ ಗಡಿ ಇದೆ ಎಂದು ಅಂದು ತಿಳಿಯಿತು. ಇವನ ಜೊತೆ ಸಂಸ್ಥೆಯ ವೈದ್ಯ ಸಲಹೆಗಾರರೆಂಬ ಡಾಕ್ಟರು ಒಬ್ಬರಿದ್ದರು. ಉದ್ಘಾಟನೆಗೆ ಬಂದು ದೀಪ ಹಚ್ಚಿ ಹೋದವರು ಮತ್ತೆ ಸಮಾರೋಪಕ್ಕೇ ಬಂದದ್ದು.

ಕಲಿಯಲು ಬಂದವರಿಗೆ ಬೇಕಾಗಿದ್ದದ್ದು ಒಂದೇ. "ಸೂಜಿ ಯಾವಾಗ ಕೊಡ್ತೀರಿ ಅಮ್ಮಾರ?" ಬೆಳಿಗ್ಗೆ ಕೇಳುತ್ತಿದ್ದರು, ಚಹಾ ಕುಡಿಯುವಾಗ ಕೇಳುತ್ತಿದ್ದರು. ತಲೆತಲಾಂತರದ ಬೇರು, ನಾರು, ಸೊಪ್ಪಿನ ಹೆಮ್ಮೆಯೆಲ್ಲ ಒಂದು ಇಂಜೆಕ್ಷನ್ ಸೂಜಿಯ ಮುಂದೆ ಕರಗಿ ನೀರಾಗುತ್ತಿತ್ತು. ಸೂಜಿ ಕೊಡುವುದಿಲ್ಲ ಎಂದು ತಿಳಿದ ಮೇಲೆ ಅರ್ಧ ಜನ ಪಾಠದ ಹೊತ್ತಿನಲ್ಲಿ ತೂಕಡಿಸಿದರು. ಕಾನಹೊಸಹಳ್ಳಿ ಕಡೆಯ ಒಬ್ಬ ಸೂಲಗಿತ್ತಿ ಮಾತ್ರ ಎಚ್ಚರವಿದ್ದು ಎಲ್ಲರನ್ನೂ ಚುಚ್ಚುತ್ತಿದ್ದಳು. "ಸೂಜಿ ತಗೊಂಡು ಕೌದಿ ಹೊಲಿತೀರೇನ್ರೋ?" ಎನ್ನುತ್ತಿದ್ದಳು.

ಇವರಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯ ತಂಬ್ರಹಳ್ಳಿ ಕಡೆಯ ಎಲುಬು ಕಟ್ಟುವಾತ. ತಿರುವಿದ ಮೀಸೆ, ಮಣಿಕಟ್ಟಿಗೆ ಬೆಳ್ಳಿ ಕಡಗ. ಯಾರ ಮನೆಯಲ್ಲಿ ಯಾರ ಕಾಲು ಮುರಿದರೂ ಜನ ಮೊದಲು ಇವನ ಬಾಗಿಲಿಗೆ ಹೋಗುತ್ತಿದ್ದರು. ತನ್ನ ಕೆಲಸವನ್ನು ಅವನು ಒಂದು ದಿನ ತರಗತಿಯಲ್ಲಿ ಮಾಡಿ ತೋರಿಸಿದ. ಕೈಯನ್ನು ಎಳೆದು ನೇರ ಮಾಡಿ, ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಬಳಿದು, ಹಳೆಯ ಸೀರೆಯ ಪಟ್ಟಿ ಸುತ್ತಿ, ಸುತ್ತಲೂ ಬಿದಿರಿನ ದಬ್ಬೆ ಇಟ್ಟು, ಹುರಿಯಿಂದ ಬಿಗಿದು ಗಂಟು ಹಾಕಿದ. ಕೈ ಅಚ್ಚುಕಟ್ಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುರಿದ ಕೈ ಬಾಯುತ್ತದೆ, ಹುರಿ ಹಿಗ್ಗುವುದಿಲ್ಲ. ಅದಕ್ಕೇನು ಮಾಡುತ್ತೀರಿ ಎಂದು ಕೇಳಿದೆ.

"ಮುಂಜಾನೆ ಕಟ್ಟಿದ್ರ ಹೊತ್ತು ಮುಣುಗೋದ್ರೊಳಗ ಹೋಗಿ ಸಡ್ಲ ಮಾಡಿ ಬರ್ತೀನ್ರಿ."

"ನೀವು ಹೋಗಾಕ ಆಗದಿದ್ರ?"

"ನಾನ ಹೋಗ್ಬೇಕ್ರಿ. ಕಟ್ಟಿದಾತನ ಬಿಚ್ಚಬೇಕು. ಬ್ಯಾರೇರ ಕೈ ಹತ್ತಿದ್ರ ಎಲುಬು ಸರೀತೈತಿ, ನನ್ನ ಕೈಗುಣಾನೂ ಹೋಗ್ತೈತಿ." ಇಷ್ಟು ಹೇಳಿ ಮೀಸೆಯ ಮೇಲೆ ಬೆರಳಾಡಿಸಿದ. ಹಳ್ಳಿಯವರು ಇದನ್ನು ವೇದವಾಕ್ಯದಂತೆ ಪಾಲಿಸುತ್ತಾರೆಂದು ಉಳಿದವರೂ ತಲೆದೂಗಿದರು.

ಮರುದಿನ ನಾನು ಕೆಟ್ಟ ಕೇಸಿನ ಪಾಠ ಮಾಡಿದೆ. ಬೆರಳು ತಣ್ಣಗಾದರೆ, ಕಪ್ಪಾದರೆ, ಜೋಮು ಹಿಡಿದು ಮುಟ್ಟಿದ್ದು ತಿಳಿಯದಿದ್ದರೆ, ಎಲುಬು ಚರ್ಮ ಹರಿದು ಹೊರಬಂದಿದ್ದರೆ, ಹೊಸದಾಗಿ ಕಟ್ಟಬೇಡಿ, ಎಳೆಯಬೇಡಿ, ತಿಕ್ಕಬೇಡಿ. ಕಟ್ಟು ಇದ್ದರೆ ಬಿಚ್ಚಿ ದೊಡ್ಡಾಸ್ಪತ್ರೆಗೆ ಕಳಿಸಿ. ಯೋಜನಾಧಿಕಾರಿಗೆ ಇದು ಉದ್ದವಾಯಿತು. ಸಮಾರೋಪದ ದಿನ ಅತಿಥಿಗಳ ಮುಂದೆ ಎಲ್ಲರೂ ಒಟ್ಟಾಗಿ ಹೇಳಲು ಬರಬೇಕೆಂದು ಅದನ್ನು ಕತ್ತರಿಸಿ, "ಕೆಟ್ಟ ಕೇಸು ಮುಟ್ಟಬಾರದು, ಕಳಿಸಬೇಕು" ಎಂದು ಘೋಷಣೆ ಮಾಡಿದ. ಮುಟ್ಟಿದವರಿಗೆ ಪ್ರಮಾಣಪತ್ರ ಇಲ್ಲ ಎಂದೂ ಸೇರಿಸಿದ. ದೊಡ್ಡ ದೊಡ್ಡ ಮೀಸೆಯವರು ಒಂದನೇ ಇಯತ್ತೆಯ ಮಕ್ಕಳಂತೆ ರಾಗವಾಗಿ ಕೂಗಿದರು. ಬಿಚ್ಚಿ ಎಂಬ ಮಾತು ಬಿಟ್ಟುಹೋಗಿದೆ ಎಂದು ನಾನು ಹೇಳಿದೆ. ಘೋಷಣೆ ಚಿಕ್ಕದಿರಬೇಕು ಮೇಡಂ, ಎಂದ.

ಸಮಾರೋಪದ ದಿನ ಮಂಟಪದ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಮುಖ್ಯ ಅತಿಥಿಗಳು ಬಂದು ಪ್ರವಾಸಿ ಮಂದಿರದಲ್ಲಿ ಇಳಿದಿದ್ದರು. ಸಲಹೆಗಾರ ಡಾಕ್ಟರು ಅವರ ಜೊತೆ ಊಟಕ್ಕೆ ಹೋಗಿದ್ದರು. ಅತಿಥಿಗಳನ್ನು ಕರೆತರಲು ಸಂಸ್ಥೆಯ ಜೀಪಿಗೆ ಚೆಂಡು ಹೂವಿನ ಮಾಲೆ ಸುತ್ತಿ ಅಂಗಳದಲ್ಲಿ ನಿಲ್ಲಿಸಿದ್ದರು. ಒಳಗೆ ನಮ್ಮ ವೈದ್ಯರು ಬಿಳಿ ಕೋಟು ತೊಟ್ಟು, ಮಡಿಕೆಯ ಗೆರೆ ಕೆಡದಂತೆ ಕುರ್ಚಿಗೆ ಒರಗದೆ ಕುಳಿತಿದ್ದರು.

ಆಗ ಗಂಡ ಹೆಂಡತಿ ಇಬ್ಬರು ಅಂಗಳಕ್ಕೆ ಬಂದರು. "ಎಲುಬು ಕಟ್ಟೋ ಅಜ್ಜಾರು ಇಲ್ಲಿ ಅದಾರೇನ್ರಿ?" ಎಂದು ಗಂಡ ಕೇಳಿದ. ಹೆಂಡತಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅವಳು ಬಸ್ ಸ್ಟ್ಯಾಂಡಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವಾಕೆ, ಆ ದುಡಿಮೆಯಲ್ಲೇ ಮನೆ ನಡೆಯುತ್ತದೆ ಎಂದು ಆಮೇಲೆ ತಿಳಿಯಿತು. ಮೇವಿನ ಬಣವೆಯಿಂದ ಜಾರಿ ಬಿದ್ದು ಮುಂಗೈ ಮುರಿದಿತ್ತು. ನಾನು ಸೆರಗು ಸರಿಸಿದೆ. ಬಿದಿರಿನ ದಬ್ಬೆಯ ಕಟ್ಟು. ಅದರ ತುದಿಯಲ್ಲಿ ಐದು ಬೆರಳು ಊದಿ, ಹೊಳೆದು, ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಹೂಜಿಯ ಹೊರಮೈಯಂತೆ ತಣ್ಣಗೆ.

"ನೋವು ಐತೇನವ್ವ?"

"ರಾತ್ರಿ ಜೀವ ಹೋಗೋವಷ್ಟು ಇತ್ರಿ. ಮುಂಜಾನಿಂದ ಏನೂ ಗೊತ್ತಾಗವಲ್ದು."

"ಕಡಿಮಿ ಆಗೈತ್ರಿ," ಎಂದು ಗಂಡ ಸಮಾಧಾನದಿಂದ ಹೇಳಿದ.

ಇಂಥ ಕಡಿಮೆಯನ್ನು ನಾನು ವಾರ್ಡಿನಲ್ಲಿ ನೋಡಿದ್ದೆ. ರಕ್ತ ನಿಂತ ಕೈ ಮೊದಲು ಅರಚುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾದ ಮೇಲೆ ಉಳಿಯುವ ಹೊತ್ತು ಬಹಳ ಕಡಿಮೆ. ಚೀಲದಿಂದ ಬ್ಯಾಂಡೇಜ್ ಕತ್ತರಿ ತೆಗೆದೆ. ಗಂಡ ಅಡ್ಡ ನಿಂತ.

"ಮುಟ್ಟಬ್ಯಾಡ್ರಿ ಅಮ್ಮಾರ. ಕಟ್ಟಿದಾತ ಬಿಚ್ಚಬೇಕು. ಎಲುಬು ಸರೀತೈತಿ."

"ಸರದ್ರ ಮತ್ತ ಕೂಡಿಸಬಹುದು. ಕೈ ಸಾಯಾಕ ಹತ್ತೈತಿ, ಕಾಣವಲ್ದೇನು?"

"ನೀವು ದವಾಖಾನಿಯವರು ಕೈ ಕಡಿಯೋ ಮಂದಿ. ನಡಿಯೇ ಮನಿಗೆ," ಎಂದು ಅವಳ ಹೆಗಲು ಹಿಡಿದು ರಸ್ತೆಯ ಕಡೆ ತಿರುಗಿಸಿದ. ಇನ್ನೊಂದು ಮಾತು ಆಡಿದ್ದರೆ ಹೊರಟೇ ಬಿಡುತ್ತಿದ್ದರು. ಕತ್ತರಿಯನ್ನು ಕೆಳಗಿಟ್ಟು, ಎಲುಬು ಕಟ್ಟುವಾತನನ್ನು ಕರೆಸಿದೆ. ಡಾಕ್ಟರನ್ನು ಕರೆಯಲು ಜೀಪಿನ ಡ್ರೈವರನನ್ನು ಸೈಕಲ್ಲಿನ ಮೇಲೆ ಪ್ರವಾಸಿ ಮಂದಿರಕ್ಕೂ ಕಳಿಸಿದೆ.

ಅವನು ಬಂದ. ಮಾರು ದೂರದಲ್ಲಿ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕತ್ತು ಚಾಚಿ ಬೆರಳುಗಳನ್ನು ನೋಡಿದ. ಮುಖದ ಬಣ್ಣ ಹೋಯಿತು. ಆಮೇಲೆ ಸಾವರಿಸಿಕೊಂಡು ಗಂಭೀರವಾಗಿ ಹೇಳಿದ:

"ಇದು ಕೆಟ್ಟ ಕೇಸ್ ಅಮ್ಮಾರ. ಮುಟ್ಟಬಾರದು, ಕಳಿಸಬೇಕು."

ದಬ್ಬೆಯ ಕಡೆ ಬೆರಳು ತೋರಿಸಿದೆ. "ಕಟ್ಟಿದ್ದು ಯಾರು?"

"ನಾನರಿ. ನಿನ್ನೆ ನಸಕಿನ್ಯಾಗ ಬಸ್ ಹತ್ತಿ ಇವರೂರಿಗೆ ಹೋಗಿ ಕಟ್ಟಿ, ಪಾಠ ಸುರು ಆಗೋದ್ರೊಳಗ ಬಂದ್ನಿ."

"ಸಂಜಿಗೆ ಹೋಗಿ ಸಡ್ಲ ಮಾಡ್ಬೇಕಿತ್ತಲ್ಲ?"

"ಸಂಜಿಗೆ ಸಾಹೇಬ್ರು ಬಿಡಲಿಲ್ರಿ. ಸರ್ಟಿಫಿಕೇಟ್ ತಗೊಳ್ಳೋದು ಹೆಂಗ ಅಂತ ಕಲಿಸಿದ್ರು."

ನಿಜ. ಹಿಂದಿನ ಸಂಜೆಯೆಲ್ಲ ಯೋಜನಾಧಿಕಾರಿ ಇವರನ್ನು ವೇದಿಕೆ ಹತ್ತಿಸಿ ಇಳಿಸಿದ್ದ. ಬಲಗೈ ಕುಲುಕಲು, ಎಡಗೈ ಪ್ರಮಾಣಪತ್ರಕ್ಕೆ, ಮುಖ ಕ್ಯಾಮರಾ ಕಡೆಗೆ. ಆ ಹೊತ್ತಿನಲ್ಲೇ ಅತ್ತ ಒಬ್ಬ ಹೆಂಗಸಿನ ಕೈ ಹುರಿಯ ಕೆಳಗೆ ಬಾಯುತ್ತಿತ್ತು. ಈಗ ಅವನ ಕಟ್ಟಳೆ ನನ್ನನ್ನು ಮುಟ್ಟಗೊಡುತ್ತಿಲ್ಲ, ನಮ್ಮ ಘೋಷಣೆ ಅವನನ್ನು ಮುಟ್ಟಗೊಡುತ್ತಿಲ್ಲ. ನಡುವೆ ಆಕೆ, ತಾನೇ ಏನೋ ತಪ್ಪು ಮಾಡಿದವಳಂತೆ ನಿಂತಿದ್ದಳು.

ಯೋಜನಾಧಿಕಾರಿ ಓಡಿಬಂದ. ಕೈ ನೋಡಿ ಮುಖ ಆಚೆ ತಿರುಗಿಸಿದ. "ಮೇಡಂ, ದಯವಿಟ್ಟು ಇದು ಇಲ್ಲಿ ಬೇಡ. ಅತಿಥಿಗಳು ಬರೋ ಹೊತ್ತು. ಹಿಂದಿನ ಗೇಟಿಂದ ಕಳಿಸಿಬಿಡಿ."

ಪ್ರವಾಸಿ ಮಂದಿರಕ್ಕೆ ಹೋಗಿದ್ದ ಡ್ರೈವರ್ ಒಬ್ಬನೇ ವಾಪಸು ಬಂದ. "ಡಾಕ್ಟರ್ ಸಾಹೇಬ್ರು ಊಟಕ್ಕ ಕುಂತಾರ್ರಿ. ದೊಡ್ಡೋರು ಏಳೋಕಿಂತ ಮುಂಚೆ ಏಳಾಕ ಬರಂಗಿಲ್ಲಂತ."

ಡಾಕ್ಟರುಗಳಿಲ್ಲದ ನಾಡಿನಲ್ಲಿ ನಾಲ್ಕು ಹೆಜ್ಜೆ ಆಚೆ ಒಬ್ಬ ಡಾಕ್ಟರು ಇದ್ದರು, ಡಾಕ್ಟರುಗಳ ಕೊರತೆಯ ಬಗ್ಗೆ ಮಾತನಾಡಲು ಬಂದು ಹೋಳಿಗೆ ತಿನ್ನುತ್ತಿದ್ದರು. ಇನ್ನು ಯಾರನ್ನೂ ಕಾಯುವುದರಲ್ಲಿ ಅರ್ಥವಿರಲಿಲ್ಲ. ಬಲವಂತದಿಂದ ಕತ್ತರಿಸಿದರೆ ಗಂಡ ಅವಳನ್ನು ಅರ್ಧಕ್ಕೇ ಎಳೆದೊಯ್ದು ಇನ್ನೊಬ್ಬನಿಂದ ಮತ್ತೆ ಬಿಗಿಸುತ್ತಾನೆ. ಬಿಚ್ಚುವ ಕೈ ಇವನದೇ ಆಗಬೇಕು. ಇವನ ಕೈಯನ್ನು ಕಟ್ಟಿ ಹಾಕಿರುವುದು ಕೋಟು.

"ಕೋಟು ತಗಿ," ಎಂದೆ.

"ಯಾಕ್ರಿ ಅಮ್ಮಾರ?"

"ಈಗಿಂದ ನೀ ನನ್ನ ಶಿಬಿರದಾಗಿಲ್ಲ. ಟ್ರೈನಿಂಗ್ ಆದವ ಅಲ್ಲ. ನಿನಗ ಘೋಷಣೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ನೀ ಬರೇ ಎಲುಬು ಕಟ್ಟಾವ. ಕಟ್ಟೀದಿ, ಬಿಚ್ಚು."

"ಮೇಡಂ, ಹಾಗೆಲ್ಲ ತೆಗೆಯೋ ಅಧಿಕಾರ ನಿಮಗಿಲ್ಲ," ಎಂದ ಯೋಜನಾಧಿಕಾರಿ. "ವೇದಿಕೆ ಮೇಲೆ ಒಬ್ಬರು ಕಡಿಮೆ ಆದ್ರೆ ಚೆನ್ನಾಗಿ ಕಾಣೋದಿಲ್ಲ."

"ಪಾಠ ಹೇಳಿದವಳು ನಾನು. ಈತ ಫೇಲು."

ಮೀಸೆಯ ಮನುಷ್ಯ ಕೋಟಿನ ಗುಂಡಿ ಹಿಡಿದುಕೊಂಡು ನಿಂತ. ಒಮ್ಮೆ ವೇದಿಕೆಯ ಕಡೆ ನೋಡಿದ, ಒಮ್ಮೆ ಬೆರಳುಗಳ ಕಡೆ. ನಾಚಿಕೆಯಿಲ್ಲದೆ ತೂಗಿ ನೋಡುತ್ತಿದ್ದ. ಒಳಗಿನಿಂದ ಎದ್ದು ಬಂದಿದ್ದ ಸೂಲಗಿತ್ತಿಗೆ ತಡೆಯಲಾಗಲಿಲ್ಲ.

"ಲೇ, ಕೋಟು ಅಂಗಡ್ಯಾಗ ಸಿಗ್ತೈತಿ. ಆಕಿ ಕೈ ಯಾವ ಅಂಗಡ್ಯಾಗ ಸಿಗ್ತೈತೋ ನಿಮ್ಮಪ್ಪಂದು?"

ಕೈ ಮುರಿದಾಕೆ ಆಗ ಮೊದಲ ಸಲ ತಾನಾಗಿ ಬಾಯಿ ತೆರೆದಳು. "ಅಜ್ಜಾ, ಈ ಕೈಲೆ ರೊಟ್ಟಿ ಬಡದ್ರ ನಮ್ಮನಿ ಒಲಿ ಹತ್ತತೈತಿ. ಬಿಚ್ಚೋ ನಮ್ಮಪ್ಪ."

ಅವನು ಕೋಟು ತೆಗೆದ. ಅಂಥ ಹೊತ್ತಿನಲ್ಲೂ ಅದನ್ನು ಗೆರೆ ಕೂಡಿಸಿ ಮಡಚಿ ಕುರ್ಚಿಯ ಮೇಲಿಟ್ಟು ಬಂದ.

ಅವಳನ್ನು ಊಟದ ಬೆಂಚಿನ ಮೇಲೆ ಮಲಗಿಸಿದೆ. ಅಡುಗೆಮನೆಯಿಂದ ಕುದಿಸಿ ಆರಿಸಿದ ನೀರು ತರಿಸಿ ಉಪ್ಪು ಬೆರೆಸಿ ಕಟ್ಟಿನ ಮೇಲೆ ಹನಿಸಿದೆ. ಮೊಟ್ಟೆ, ಉದ್ದಿನ ಹಿಟ್ಟು ಒಣಗಿ ಸಿಮೆಂಟಿನಂತಾಗಿತ್ತು. ಅವನು ಗಂಟಿಗೆ ಕೈ ಹಾಕಿದ. ಹುರಿ ಮಾಂಸದೊಳಗೆ ಹೂತಿತ್ತು, ಬಿಚ್ಚಲಾಗಲಿಲ್ಲ. ಕತ್ತರಿಯನ್ನು ಅವನ ಕೈಗೆ ಕೊಟ್ಟು, ಅದರ ಮೇಲೆ ನನ್ನ ಕೈ ಇಟ್ಟೆ. ಮೊಂಡು ತುದಿ ಒಳಗಡೆ ಇರಬೇಕು, ಕಿರುಬೆರಳಿನ ಬದಿಯಿಂದ ಮೇಲಕ್ಕೆ ಹೋಗಬೇಕು, ಎತ್ತಿ ಎತ್ತಿ ಕತ್ತರಿಸಬೇಕು. ಒತ್ತಿದವಳು ನಾನು. ಕತ್ತರಿ ಹಿಡಿದ ಕೈ ಅಜ್ಜಾರದೇ ಎಂದು ಗಂಡ ತಡೆಯಲಿಲ್ಲ. ಹುರಿ ಒಂದೊಂದೇ ಕಡಿದು ಬಿತ್ತು, ದಬ್ಬೆ ಸರಿದವು. ಪಟ್ಟಿ ಸೀಳಿದಾಗ ಒಳಗಿನ ಮಾಂಸ ಉಬ್ಬಿ ಹೊರಬಂತು, ನೀರುಗುಳ್ಳೆಗಳು ಎದ್ದಿದ್ದವು. ಅವುಗಳನ್ನು ಒಡೆಯಲಿಲ್ಲ. ಅವನು ಅಭ್ಯಾಸಬಲದಿಂದ ಎಣ್ಣೆ ಹಚ್ಚಿ ತಿಕ್ಕಲು ಕೈ ಚಾಚಿದ. ಕೈಯ ಮೇಲೆ ಒಂದು ಏಟು ಕೊಟ್ಟೆ.

ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಕಾದೆ. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ನೂಲಿನಂತೆ ಒಂದು ಮಿಡಿತ ಹತ್ತಿತು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಉಗುರು ಒತ್ತಿ ಬಿಟ್ಟರೆ ನಿಧಾನವಾಗಿ ಬಣ್ಣ ಬರುತ್ತಿತ್ತು. ಉಳಿದೆರಡರಲ್ಲಿ ಬರಲಿಲ್ಲ. ಅವಳು ಮತ್ತೆ ನೋವೆಂದು ಅಳತೊಡಗಿದಳು. ಗಂಡ ಹೆದರಿದ. ನನಗೆ ಅದು ಕೇಳಿ ಜೀವ ಬಂದಂತಾಯಿತು.

ಒಳಗಿನ ಬಾವು ಇಳಿಸಲು ಶಸ್ತ್ರಚಿಕಿತ್ಸೆಯೇ ಆಗಬೇಕು, ಬಳ್ಳಾರಿಗೇ ಹೋಗಬೇಕು. ಕೈಯನ್ನು ಎದೆಯ ಮಟ್ಟಕ್ಕೆ ದಿಂಬಿನ ಮೇಲಿಟ್ಟು ಅವಳನ್ನು ಚೆಂಡು ಹೂವಿನ ಜೀಪಿಗೆ ಹತ್ತಿಸಿದೆ.

"ಮೇಡಂ, ಇದು ಅತಿಥಿಗಳನ್ನ ಕರ್ಕೊಂಡು ಬರೋ ಜೀಪು!"

"ಅತಿಥಿಗಳಿಗೆ ಕಾಲು ಗಟ್ಟಿ ಅದಾವು. ನಡಕೊಂಡು ಬರ್ಲಿ. ಮುರದ್ರ ಕಟ್ಟಾಕ ಒಳಗ ಇಷ್ಟು ಮಂದಿ ವೈದ್ಯರು ಅದಾರಲ್ಲ."

ಅಜ್ಜಾರು ಬಾರದೆ ತಾನು ಹತ್ತುವುದಿಲ್ಲ ಎಂದ ಗಂಡ. ಮೀಸೆಯವನನ್ನೂ ತುಂಬಿಕೊಂಡೆ. ಹೊಸಪೇಟೆ ದಾಟುವವರೆಗೂ ಗಾಳಿಗೆ ಹೂವು ಉದುರುತ್ತಲೇ ಇದ್ದವು. ಬಳ್ಳಾರಿಯಲ್ಲಿ ಸರ್ಜನ್ ಮುಂಗೈಯನ್ನು ಉದ್ದಕ್ಕೆ ಸೀಳಿ ಬಾವು ಇಳಿಯಲು ದಾರಿ ಮಾಡಿದರು. ಕಿರುಬೆರಳು, ಉಂಗುರ ಬೆರಳು ಹೋದವು. ಕೈ ಉಳಿಯಿತು. ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ ನಮ್ಮ ಮೀಸೆಯ ಮನುಷ್ಯ ಹೊರಗೆ ಬೇರೆ ರೋಗಿಗಳ ಕಡೆಯವರಿಗೆ ತಾನು ಹೇಗೆ ಬಿಚ್ಚಿದೆನೆಂದು ವರ್ಣಿಸುತ್ತಿದ್ದ. ಕಟ್ಟಿದ ಸಂಗತಿ ವರ್ಣನೆಯಲ್ಲಿ ಬರಲಿಲ್ಲ.

ಇತ್ತ ಸಮಾರೋಪ ಸಾಂಗವಾಗಿ ನಡೆಯಿತಂತೆ. ಸಲಹೆಗಾರ ಡಾಕ್ಟರು ಗ್ರಾಮೀಣ ಸೇವೆಯ ಬಗ್ಗೆ ಸೊಗಸಾಗಿ ಮಾತನಾಡಿದರಂತೆ. ಘೋಷಣೆಗೆ ಚಪ್ಪಾಳೆ ಬಿತ್ತಂತೆ. ನಾನು ಫೇಲು ಮಾಡಿದವನ ಪ್ರಮಾಣಪತ್ರವನ್ನು ಯೋಜನಾಧಿಕಾರಿ ವಾರದೊಳಗೆ ಅವನ ಮನೆಗೇ ಮುಟ್ಟಿಸಿದ. ಮುಂದಿನ ಶಿಬಿರಕ್ಕೆ ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ನನ್ನ ಮನೆಗೆ ಬಂದರು. ಬಟ್ಟೆಯಲ್ಲಿ ಸುತ್ತಿ ರೊಟ್ಟಿ ತಂದಿದ್ದಳು.

"ಒಂದ್ ಕಡಿ ದಪ್ಪ ಆಗ್ತಾವ್ರಿ. ಖಾನಾವಳಿಯವರು ಮೊದಲು ತಕರಾರು ಮಾಡಿದ್ರು. ಈಗ ತಗೊಂತಾರ."

ಕೈ ಮುಂದೆ ಚಾಚಿಸಿ ನೋಡಿದೆ. ಗಾಯ ಮಾದಿತ್ತು, ಮೂರು ಬೆರಳು ಮಡಚುತ್ತಿದ್ದವು. "ಮತ್ತ ಎಲ್ಲಿಯಾದ್ರೂ ಮುರಕೊಂಡ್ರ ಯಾರ ಹತ್ರ ಹೋಗ್ತೀರಿ?" ಎಂದು ಕೇಳಿದೆ.

"ಅಜ್ಜಾರ ಹತ್ರನರಿ," ಎಂದ ಗಂಡ, ಅದೆಂಥ ಪ್ರಶ್ನೆ ಎಂಬಂತೆ.

ನನಗೆ ರೇಗಿತು. "ಎರಡು ಬೆರಳು ಹೋದವಲ್ಲೋ! ಇನ್ನೂ ಬುದ್ಧಿ ಬರಲಿಲ್ಲೇನು?"

ಅವಳೇ ಉತ್ತರ ಕೊಟ್ಟಳು. "ಬ್ಯಾರೆ ಯಾರು ಅದಾರ್ರಿ ಅಮ್ಮಾರ? ಆತ ಕರದ್ರ ಬರ್ತಾನ. ನೀವ ಹೇಳ್ರಿ, ಯಾರ ಮನಿಗೆ ಹೋಗ್ಲಿ?"

ಹೆಸರು ಹೇಳಲು ಬಾಯಿ ತೆರೆದೆ. ಅವಳ ಊರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹೇಳುವಂಥ ಹೆಸರು ಒಂದೂ ಇರಲಿಲ್ಲ. ಎದ್ದು ಒಳಗೆ ಹೋಗಿ ಬ್ಯಾಂಡೇಜ್ ಸುರುಳಿ, ಎರಡು ಪಟ್ಟಿ ರಟ್ಟು, ಕತ್ತರಿ ತಂದೆ. ಗಂಡನನ್ನು ಜಗುಲಿಯ ಮೇಲೆ ಕೂರಿಸಿ ಅವನ ಎದುರಿಗೆ ನನ್ನ ಮುಂಗೈಗೇ ಬಿಗಿದು ಕಟ್ಟಿಕೊಂಡೆ.

"ಆತ ಬರ್ಲಿ, ಬಿಡ್ಲಿ. ಬೆರಳು ತಣ್ಣಗಾತು ಅಂದ್ರ ನೀನ ಕತ್ತರಸ್ಬೇಕು. ತಗೋ."

"ನಾ ಕಟ್ಟಿಲ್ರಿ ಅದು..."

"ಹಿಡಿಯೋ ಕತ್ತರಿ."

ಹೆಂಡತಿ ನಕ್ಕಳು. ಅವನು ಕತ್ತರಿಯನ್ನು ಕುಡುಗೋಲಿನಂತೆ ಹಿಡಿದ. ಬೆರಳು ಬಿಡಿಸಿ ಸರಿಯಾಗಿ ಹಿಡಿಸಿದೆ. ಮೊದಲ ಸಲ ಬಟ್ಟೆಯ ಜೊತೆ ನನ್ನ ಚರ್ಮವನ್ನೂ ಕಚ್ಚಿಸಿದ, ರಕ್ತ ಬಂತು. ಒರೆಸಿಕೊಂಡು ಇನ್ನೊಂದು ಪಟ್ಟಿ ಸುತ್ತಿದೆ. "ಮೊಂಡ ತುದಿ ಒಳಗ," ಎಂದೆ. "ಕಿರುಬೆರಳಿನ ಕಡೆಯಿಂದ. ಮತ್ತ ಮಾಡು."